ರಂಗೂನಿನ ಪೇಟೆಗಳಲ್ಲಿ ತಮ್ಮನ ಎಡೆ

ರಂಗೂನಿನಿಂದ ಮರಳಿದ ಮೇಲೆ ಚಳ್ಳಕೆರೆ ಪೇಟೆಯಲ್ಲಿ ಎದುರಾದವರೆಲ್ಲ ಮೊದಲು ಕೇಳುವುದು ಅಲ್ಲಿನ ಚಿನ್ನದ ಗೋಪುರದ ಮಾತು. ಅದನ್ನು ನಾನು ಹಡಗಿನ ಮೇಲಿಂದ ದೂರದಲ್ಲಿ ಕಂಡೆ. ಬಿಸಿಲಿಗೆ ಹೊಳೆಯುತ್ತಿತ್ತು, ಚೆನ್ನಾಗಿತ್ತು. ಹತ್ತಿರ ಹೋಗಿ ನೋಡಲು ಪುರುಸೊತ್ತಾಗಲಿಲ್ಲ. ನಾನು ಆ ಊರಿನಲ್ಲಿ ನೋಡಿದ್ದು ಸೊಪ್ಪಿನ ಬುಟ್ಟಿಗಳನ್ನು, ಕಾಳಿನ ಚೀಲಗಳನ್ನು, ಉರಿಯುವ ಒಲೆಗಳನ್ನು ಮತ್ತು ಕಾಗೆಗಳನ್ನು. ಆದ್ದರಿಂದ ಬರೆಯುವುದೂ ಅವುಗಳನ್ನೇ. ಗೋಪುರದ ವರ್ಣನೆ ಬೇಕಾದವರು ನನ್ನನ್ನು ಮನ್ನಿಸಬೇಕು.

ಚಳ್ಳಕೆರೆ

ನನ್ನ ತಮ್ಮ ಓಬಯ್ಯ ರಂಗೂನಿಗೆ ಹೋದದ್ದು ಮೊಳಕಾಲ್ಮೂರಿನ ಕಡೆಯ ತೆಲುಗರ ಜೊತೆಯಲ್ಲಿ. ನಮ್ಮದು ಮೂಲತಃ ಅದೇ ಸೀಮೆ. ಮಗ್ಗದ ಸದ್ದು ಕೇಳುತ್ತ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುತ್ತ ಬೆಳೆದವರು ನಾವು. ಅಪ್ಪ ತೀರಿಕೊಂಡ ಮೇಲೆ ನಾನು ಅವ್ವನನ್ನೂ ತಮ್ಮನನ್ನೂ ಕರೆದುಕೊಂಡು ಚಳ್ಳಕೆರೆಗೆ ಬಂದು ಬೇಳೆಕಾಳಿನ ಒಂದು ಸಣ್ಣ ಅಂಗಡಿ ಇಟ್ಟೆ. ಓಬಯ್ಯನಿಗೆ ಅಂಗಡಿಯಲ್ಲಿ ಕೂತು ಅಭ್ಯಾಸವಿಲ್ಲ. ಸಮುದ್ರ ದಾಟಿ ಹೋಗಿ ಅಕ್ಕಿ ಮೂಟೆ ಹೊರುತ್ತೇನೆ ಎಂದು ನಗುತ್ತಲೇ ಹೊರಟ. ಹೋದವನು ಮಳೆಗಾಲದ ಕೊನೆಯ ಜ್ವರದಲ್ಲಿ ಅಲ್ಲಿಯೇ ತೀರಿಕೊಂಡ. ಊರಿಗೆ ಮರಳಿದ ಕೂಲಿಯಾಳೊಬ್ಬ ಆ ಸುದ್ದಿಯನ್ನು ಬಾಯಿಮಾತಿನಲ್ಲಿ ತಂದು ನಮ್ಮ ಜಗುಲಿಯ ಮೇಲೆ ಕೂತು ಹೇಳಿದ. ಹೆಣ ಕಂಡಿಲ್ಲ, ಬೂದಿ ಕಂಡಿಲ್ಲ. ಅವ್ವನಿಗೆ ಅಳುವುದಕ್ಕೂ ಎದುರಿಗೆ ಏನೂ ಇರಲಿಲ್ಲ.

ಅವ್ವ ಆ ದಿನ ಎಣ್ಣೆ ಬಾಂಡ್ಲಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದಳು. ಸೂತಕದ ಮನೆಯಲ್ಲಿ ವರ್ಷ ಕಳೆಯುವ ತನಕ ಏನನ್ನೂ ಕರಿಯುವುದಿಲ್ಲ. ವರ್ಷ ತುಂಬಿದ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬೇಯಿಸಿ, ಎಲೆಯ ಮೇಲೆ ಎಡೆ ಇಟ್ಟು, ಅದನ್ನು ಕಾಗೆ ಮುಟ್ಟಿದರೆ ಹೋದವರು ಉಂಡರು ಎಂದು ಲೆಕ್ಕ. ಆಮೇಲೆ ಬಾಂಡ್ಲಿ ಕೆಳಗಿಳಿಯುತ್ತದೆ.

ವರ್ಷ ಹತ್ತಿರ ಬಂದಾಗ ಅವ್ವ ಒಂದೇ ಹಟ ಹಿಡಿದಳು.

"ಇಲ್ಲಿ ಎಡೆ ಇಟ್ಟರೆ ಅವನು ಸಮುದ್ರ ದಾಟಿ ಬರ್ತಾನೇನೋ? ಅವನು ಉಸಿರು ಬಿಟ್ಟ ಜಾಗದಾಗೆ ಇಡಬೇಕು."

"ಅವ್ವ, ಅದು ಬ್ರಹ್ಮದೇಶ. ರಾಂಪುರದ ಆಚೆ ಅಲ್ಲ."

"ಗೊತ್ತೈತೆ. ಮುದ್ದೆ ಇಲ್ಲದ ಸೀಮೆ ಅಂತೆ. ಅವನು ಹಸಿವು ತಡಕಳ್ಳೋನಲ್ಲ. ಅಲ್ಲಿ ಏನು ಉಂಡ್ನೋ, ಯಾರು ಇಕ್ಕಿದ್ರೋ. ಹಸಕಂಡೇ ಹೋದ್ನೋ ಏನೋ. ನೀನೇ ಹೋಗಿ ಉಣ್ಣಿಸಿ ಬಾ. ಉಂಡ್ನಾ ಇಲ್ವಾ, ನಂಗೆ ಬಂದು ಹೇಳು."

ಹಸಿವಿನ ವಿಷಯದಲ್ಲಿ ಅವ್ವ ಹೇಳಿದ್ದು ಸುಳ್ಳಲ್ಲ. ಓಬಯ್ಯ ಬಡಿಸುವ ತನಕ ಕಾಯ್ದವನೇ ಅಲ್ಲ. ಮುದ್ದೆ ಎಲೆಗೆ ಬಿದ್ದಿರುತ್ತಿತ್ತು, ಸಾರು ಇನ್ನೂ ಮಡಕೆಯಲ್ಲಿರುತ್ತಿತ್ತು, ಇವನ ಕೈ ಆಗಲೇ ಪಲ್ಯದ ಮೇಲೆ. ಅವ್ವನ ಸೌಟು ಅವನ ಮಣಿಕಟ್ಟಿಗೆ ಬೀಳುತ್ತಿತ್ತು. ಅವನು ಕೈ ಹಿಂದೆಗೆಯುವಷ್ಟರಲ್ಲಿ ತುತ್ತು ಬಾಯೊಳಗೆ ಹೋಗಿರುತ್ತಿತ್ತು. ಮೀಸೆ ಬಂದ ಮೇಲೂ ಹಾಗೆಯೇ. ಅಪ್ಪ ಇದಕ್ಕೆ ತದ್ವಿರುದ್ಧ. ಹತ್ತು ಸಲ ಕೂಗದೆ ಊಟಕ್ಕೆ ಏಳುತ್ತಿರಲಿಲ್ಲ.

ಅಂಗಡಿಯನ್ನು ಭಾವಮೈದುನನಿಗೆ ಒಪ್ಪಿಸಿ ಹೊರಟೆ. ಅವ್ವ ಕಟ್ಟಿಕೊಟ್ಟ ಗಂಟಿನಲ್ಲಿ ರಾಗಿಹಿಟ್ಟು, ಹುರುಳಿ, ಬೆಲ್ಲ, ಬೆಳ್ಳುಳ್ಳಿ ಎಲ್ಲ ಇದ್ದವು. ಮೊಳಕಾಲ್ಮೂರಿನ ಬಂಡೆಗಳನ್ನೂ ರಾಂಪುರವನ್ನೂ ದಾಟಿ ಎತ್ತಿನ ಗಾಡಿ ಬಳ್ಳಾರಿ ಮುಟ್ಟಿತು. ಅಲ್ಲಿಂದ ಮದರಾಸಿಗೆ ರೈಲು.

ಹಡಗು

ಹಡಗಿನ ಮೇಲಿನ ಅಟ್ಟದಲ್ಲಿ, ಬಯಲಿನಲ್ಲೇ ನಮ್ಮ ವಾಸ. ಬಳ್ಳಾರಿಯ ಕಡೆಯವರು, ತೆಲುಗು ಕರಾವಳಿಯ ಗಂಜಾಂ ಕಡೆಯವರು, ತಮಿಳರು, ಕೋಳಿ ಬುಟ್ಟಿಗಳು, ಹಾಸಿಗೆ ಸುರುಳಿಗಳು, ಎಲ್ಲ ಒಂದೇ ಕಡೆ. ನೀರೆಂದರೆ ಕೆರೆಯ ಏರಿಯ ತನಕ ಎಂದು ತಿಳಿದಿದ್ದ ನನಗೆ ಏರಿಯೇ ಇಲ್ಲದ ಆ ನೀರನ್ನು ನೋಡಿ ತಲೆ ಎತ್ತಲಾಗಲಿಲ್ಲ. ಮಲಗಿದಲ್ಲೇ ಮಲಗಿದ್ದೆ. ಆ ಹೊತ್ತಿನಲ್ಲಿ ಒಂದು ದೊಡ್ಡ ಮಳೆ ಬಂದು ಹೋಯಿತು. ಏಳುವ ಶಕ್ತಿ ಬಂದಾಗ ಅವ್ವನ ಗಂಟು ನೆನಪಾಯಿತು.

ಬಿಚ್ಚಿ ನೋಡಿದರೆ ರಾಗಿಹಿಟ್ಟು ಗಾರೆಯಾಗಿದೆ. ಬೆಲ್ಲ ಕರಗಿ ಬೆಳ್ಳುಳ್ಳಿಯ ಮೇಲೆಲ್ಲ ಹರಿದಿದೆ. ಹುರುಳಿ ಸಮುದ್ರದ ನಡುವೆ ಮೊಳಕೆಯೊಡೆದು ಬೆಳ್ಳಗೆ ಬಾಲ ಬಿಟ್ಟಿದೆ. ಮೊಳಕೆ ಹುರುಳಿ ಸಾರಿಗೆ ಒಳ್ಳೆಯದೇ, ಆದರೆ ಸಾರು ಮಾಡಲು ಇನ್ನೂ ಬಹಳ ದಿನವಿತ್ತು. ಬಿಸಿಲಿಗೆ ಹರಡಿದೆ. ಯಾರದೋ ಬುಟ್ಟಿಯಿಂದ ಕತ್ತು ಹೊರಗೆ ಹಾಕಿದ ಕೋಳಿಗಳು ಒಂದೊಂದಾಗಿ ಎಲ್ಲವನ್ನೂ ಆರಿಸಿ ತಿಂದವು.

ಬುಟ್ಟಿಯ ಒಡತಿ, ಗಂಜಾಂ ಕಡೆಯ ಮುದುಕಿ, ಎದ್ದು ಬಂದು ನೋಡಿ, "ಪಾಪ, ಸಿಕ್ಕಿದ್ದನ್ನ ತಿಂತಾವೆ" ಎಂದು ತೆಲುಗಿನಲ್ಲಿ ಕೋಳಿಗಳ ಪರವಾಗಿಯೇ ಮಾತನಾಡಿದಳು. ನನಗೆ ಕೋಪ ಬರಬೇಕಿತ್ತು. ಏಕೋ ಬರಲಿಲ್ಲ. ಮೊಳಕೆಯ ಬಾಲ ಕೊಕ್ಕಿನಿಂದ ತೂಗಾಡಿಸಿಕೊಂಡು ನನ್ನನ್ನೇ ನೋಡುತ್ತಿದ್ದ ಒಂದು ಹುಂಜದ ಮುಖ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಬರಿಗೈಯಲ್ಲಿ ರಂಗೂನಿಗೆ ಇಳಿದೆ.

ತೆಲುಗರ ಕೇರಿ

ಮೊದಲೇ ಕಾಗದ ಹಾಕಿದ್ದರಿಂದ ಓಬಯ್ಯನ ಜೊತೆಗಾರ ನರಸಪ್ಪ ಹಡಗು ನಿಲ್ಲುವ ದಕ್ಕೆಯಲ್ಲಿ ಕಾಯುತ್ತಿದ್ದ. ರಾಯದುರ್ಗದ ಹತ್ತಿರದವನು, ಓಬಯ್ಯನೊಂದಿಗೆ ಮೂಟೆ ಹೊತ್ತವನು, ಜ್ವರದಲ್ಲಿ ಅವನ ತಲೆಯ ಬಳಿ ಕೂತಿದ್ದವನು, ಚಿತೆಗೆ ಬೆಂಕಿ ಇಟ್ಟವನೂ ಅವನೇ. ನನ್ನನ್ನು ಕಂಡೊಡನೆ, "ಅಣ್ಣಾ, ಮೂಗು ಅವನದೇ" ಎಂದ. ಗಂಟಿನ ಕತೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ.

"ಎಡೆಗೆ ಇನ್ನೂ ದಿನ ಐತಲ್ಲ. ರಂಗೂನಿನಾಗೆ ಸಿಗದೆ ಇರೋದು ಏನೂ ಇಲ್ಲ ಅಣ್ಣಾ. ಸಂದಿಗೊಂದು ಬಜಾರು. ಹುಡುಕೋಣ."

ಹುಡುಕಾಟ ಶುರುವಾದದ್ದು ತೆಲುಗರ ಕೇರಿಯಿಂದ. ಕಾಲಿಟ್ಟೊಡನೆ ಮೊಳಕಾಲ್ಮೂರಿನ ಸಂತೆಗೇ ಬಂದಂತಾಯಿತು. ಒಣಮೆಣಸಿನಕಾಯಿ, ಹುಣಸೆಹಣ್ಣು, ಸುಟ್ಟ ಕೊಬ್ಬರಿಯ ವಾಸನೆ. ಅಂಗಡಿಯ ಮುದುಕ ಶೆಟ್ಟಿ ಮೂಲೆಯಲ್ಲಿದ್ದ ಚೀಲ ಕೊಡವಿ ರಾಗಿ ತೆಗೆದುಕೊಟ್ಟ. ಹಳತು, ಆದರೆ ಹುಳು ಬಿದ್ದಿರಲಿಲ್ಲ. ಅಂಗೈ ಮೇಲೆ ಹಾಕಿಕೊಂಡು ಊದಿ ನೋಡಿದೆ. ನನ್ನ ಅಂಗಡಿಯಲ್ಲಾದರೆ ಆ ರಾಗಿಯನ್ನು ಮುಂದೆ ಇಡುತ್ತಿರಲಿಲ್ಲ. ಅಲ್ಲಿ ಅದನ್ನು ಕಣ್ಣಿಗೆ ಒತ್ತಿಕೊಂಡೆ.

"ಉಲವಲು ಇದೆಯೇನಯ್ಯಾ?" ಎಂದೆ. ಹುರುಳಿಗೆ ತೆಲುಗಿನಲ್ಲಿ ಹಾಗೆನ್ನುತ್ತಾರೆ.

ಶೆಟ್ಟಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. "ಇಲ್ಲಿ ಅಕ್ಕಿ ನೀರಿನಂಗೆ ಸಿಗ್ತದೆ. ಉಲವಲು ಯಾರು ತಿಂತಾರೆ ನಾಯನಾ? ಕುದುರೆ ತಿಂತದೆ. ಹೋಗಿ ಕುದುರೇನ ಕೇಳು."

ಆ ಕೇರಿಯ ತುದಿಯಲ್ಲಿ ನರಸಪ್ಪ ಒಂದು ವಡೆ ಕೊಡಿಸಿದ. ಬಾಯಿಗಿಡಲು ಕೈ ಎತ್ತಿದೆ. ತಲೆಯ ಮೇಲಿಂದ ರೆಕ್ಕೆಯ ಗಾಳಿ ಬೀಸಿತು. ವಡೆ ಇಲ್ಲ. ಎದುರಿನ ಮಾಡಿನ ಮೇಲೆ ಕಾಗೆಯೊಂದು ನನ್ನ ವಡೆಯನ್ನು ಕಾಲಡಿ ಒತ್ತಿ ಕೂತಿತ್ತು.

ರಂಗೂನಿನ ಕಾಗೆಗಳ ಮಾತು ನಮ್ಮ ಊರಿನವರಿಗೆ ಹೇಳಿದರೆ ನಂಬುವುದಿಲ್ಲ. ತಂತಿಯ ಮೇಲೆ, ದೋಣಿಯ ಮೇಲೆ, ಮಾಡಿನ ಮೇಲೆ, ಕೂತ ಜನರ ಹೆಗಲ ಪಕ್ಕದಲ್ಲಿ, ಎಲ್ಲೆಲ್ಲೂ ಅವೇ. ಮೀನು, ಅನ್ನ, ಸಾಬೂನು, ಏನು ಸಿಕ್ಕರೂ ಬಿಡುವುದಿಲ್ಲ. ನಮ್ಮಲ್ಲಿ ಅಪ್ಪನ ಎಡೆಗೆ ಕಾಗೆ ಬರುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ಕೂಗಿ ಕೂಗಿ ನನ್ನ ಗಂಟಲು ಕಟ್ಟಿತ್ತು. ಕೊನೆಗೆ ಒಂದು ಬಂದು ಮುಟ್ಟಿದಾಗ ಮನೆಯವರೆಲ್ಲ ಉಸಿರು ಬಿಟ್ಟೆವು. ಅಷ್ಟು ಕಾದದ್ದರಿಂದಲೇ ಅಪ್ಪ ಬಂದರು ಎಂದು ನಂಬಿಕೆಯಾಯಿತು. ಆದರೆ ಸಾಬೂನನ್ನೂ ತಿನ್ನುವ ಈ ಕಾಗೆಗಳು ಎಡೆ ಮುಟ್ಟಿದರೆ ಅದರಿಂದ ಏನು ತಿಳಿಯುತ್ತದೆ? ಅವ್ವ ಕೇಳುತ್ತಾಳೆ. ಉಂಡನೇ ಎಂದು ಕೇಳುತ್ತಾಳೆ. ಏನು ಹೇಳಲಿ?

ಆ ಚಿಂತೆ ಅಂದಿನಿಂದ ನನ್ನ ಬೆನ್ನಿಗೇ ಬಂತು.

ಕುದುರೆ ಗಾಡಿಗಳ ಸಾಲು

ಶೆಟ್ಟಿ ತಮಾಷೆಗೆ ಹೇಳಿದ್ದನ್ನು ನಾವು ನಿಜವಾಗಿಯೇ ಮಾಡಿದೆವು. ಬಾಡಿಗೆ ಕುದುರೆ ಗಾಡಿಗಳು ನಿಲ್ಲುವ ಕಡೆ ಕುದುರೆಗಳ ಕತ್ತಿಗೆ ಮೇವಿನ ಚೀಲ ಕಟ್ಟಿದ್ದರು. ಒಂದರ ಹತ್ತಿರ ಹೋಗಿ ಮೂಗು ಚಾಚಿದೆ. ಬೇಯಿಸಿದ ಹುರುಳಿ! ನಮ್ಮ ಅಡುಗೆಮನೆಯ ವಾಸನೆ. ಕುದುರೆಯೂ ನಾನೂ ಒಂದೇ ಚೀಲದ ಮೇಲೆ ಬಗ್ಗಿ ಮುಖಾಮುಖಿ ನೋಡಿಕೊಂಡೆವು.

"ಕ್ಯಾ ಭಾಯಿ, ಭೂಕ್ ಲಗೀ ಕ್ಯಾ?" ಹಿಂದಿನಿಂದ ಗಾಡಿಯ ಸಾಯಬರು ಕೇಳಿದರು. ಹಸಿವಾಯಿತೇ ಎಂದು.

ಚಳ್ಳಕೆರೆ ಪೇಟೆಯಲ್ಲಿ ಸಾಯಬರ ಅಂಗಡಿಗಳ ನಡುವೆ ವ್ಯಾಪಾರ ಮಾಡಿ ಕಲಿತ ಉರ್ದು ನನ್ನದು. ತಮ್ಮನ ವರ್ಷದ ಊಟಕ್ಕೆ ಬೇಕು, ಊರಿನಿಂದ ತಂದದ್ದನ್ನು ಕೋಳಿ ತಿಂದವು ಎಂದೆ. ಅವರ ಮುಖದ ನಗೆ ಇಳಿಯಿತು. ಗಾಡಿಯ ಆಸನದ ಕೆಳಗಿನಿಂದ ಬೇಯಿಸದ ಹುರುಳಿಯ ಚೀಲ ತೆಗೆದು ನನ್ನ ಹೆಗಲ ವಲ್ಲಿಯ ತುಂಬ ಸುರಿದರು. ಕೊಡಬೇಕಾದ್ದನ್ನು ಕೊಡಲು ಹೋದರೆ ಕೈ ತಳ್ಳಿದರು.

"ತಮ್ಮನ ಊಟಕ್ಕೆ ರೊಕ್ಕ ತಗೊಂಡ್ರೆ ಕುದುರೆ ನನ್ನ ಜೊತೆ ಮಾತು ಬಿಡ್ತದೆ" ಎಂದು ಉರ್ದುವಿನಲ್ಲೇ ಹೇಳಿ ಅದರ ಕತ್ತು ತಟ್ಟಿದರು. ಕುದುರೆ ತಲೆ ಕೊಡವಿತು. ಒಪ್ಪಿತೋ ಬೈಯಿತೋ ತಿಳಿಯಲಿಲ್ಲ.

ಚೀನದವರ ಬೀದಿ

ಮುದ್ದೆಗೆ ತುಪ್ಪ ಬೇಕು. ಓಬಯ್ಯ ತುಪ್ಪವಿಲ್ಲದ ಮುದ್ದೆಯನ್ನು ದಿಟ್ಟಿಸುತ್ತ ಕೂರುತ್ತಿದ್ದನೇ ಹೊರತು ಮುರಿಯುತ್ತಿರಲಿಲ್ಲ. ನರಸಪ್ಪ ಕೆಲಸಕ್ಕೆ ಹೋಗಿದ್ದ ಒಂದು ಬೆಳಿಗ್ಗೆ ನಾನೊಬ್ಬನೇ ಚೀನದವರ ಬೀದಿಗೆ ಹೋದೆ. ಅಲ್ಲಿ ಬಾತುಗಳನ್ನು ಕೆಂಪಗೆ ಸುಟ್ಟು, ಕತ್ತಿನ ಸಮೇತ ಬಟ್ಟೆ ಒಣಗಿಸಿದಂತೆ ಸಾಲಾಗಿ ನೇತುಹಾಕಿರುತ್ತಾರೆ. ಹೆಗಲ ಕೋಲಿನ ಎರಡು ತುದಿಗೆ ಎರಡು ಒಲೆ ಕಟ್ಟಿಕೊಂಡು ಅಡುಗೆಮನೆಯನ್ನೇ ಹೊತ್ತು ತಿರುಗುವವರಿದ್ದಾರೆ. ಕರೆದಲ್ಲಿ ಅಡುಗೆಮನೆ ಇಳಿಸಿ, ಉರಿ ಊದಿ, ಬಿಸಿಬಿಸಿ ಬಡಿಸಿ ಮತ್ತೆ ಹೊತ್ತುಕೊಂಡು ಹೋಗುತ್ತಾರೆ. ಸುಗ್ಗಿಯ ಕಣಕ್ಕೆ ಇಂಥವನೊಬ್ಬ ಬಂದರೆ ನಮ್ಮ ಹೆಂಗಸರು ಎಷ್ಟು ಹರಸಿಯಾರು ಎಂದುಕೊಂಡೆ.

ಒಂದು ಅಂಗಡಿಯ ಮುಂದೆ ತಣ್ಣೀರು ತುಂಬಿದ ಮರದ ತೊಟ್ಟಿ. ಅದರಲ್ಲಿ ಬೆಳ್ಳಗಿನ, ಮೆತ್ತಗಿನ ಗಡ್ಡೆಗಳು ತೇಲುತ್ತಿದ್ದವು. ಬೆಣ್ಣೆ! ನಮ್ಮ ಮನೆಯಲ್ಲೂ ಬೆಣ್ಣೆಯನ್ನು ಹೀಗೆಯೇ ನೀರಿನಲ್ಲಿಡುವುದು. ಬೆರಳು ತೋರಿಸಿದೆ. ಅಂಗಡಿಯವನು ಎಲೆಯಲ್ಲಿ ಸುತ್ತಿಕೊಟ್ಟ. ಅಷ್ಟು ಬೆಣ್ಣೆ ಅಷ್ಟು ಅಗ್ಗಕ್ಕೆ ಸಿಕ್ಕಿದ್ದಕ್ಕೆ ಒಳಗೊಳಗೇ ಹಿಗ್ಗಿದೆ. ಕೇರಿಗೆ ಬಂದು ಒಲೆ ಹೊತ್ತಿಸಿ, ಮಡಕೆಗೆ ಹಾಕಿ, ಕರಗಲೆಂದು ಕೂತೆ.

ಅದು ಕರಗಲಿಲ್ಲ. ಉರಿ ಹೆಚ್ಚಿಸಿದೆ. ನೀರು ಬಿಟ್ಟಿತು, ಕರಗಲಿಲ್ಲ. ತಳ ಹಿಡಿಯಿತು, ಕರಗಲಿಲ್ಲ. ನರಸಪ್ಪ ಬಂದಾಗ ನಾನು ಬೆವರು ಒರೆಸಿಕೊಳ್ಳುತ್ತ ಸೌಟಿನಿಂದ ಅದನ್ನು ಕುಟ್ಟುತ್ತಿದ್ದೆ.

"ಏನಣ್ಣಾ ಮಾಡ್ತಿದ್ದೀಯಾ?"

"ತುಪ್ಪ ಕಾಯಿಸ್ತಿದೀನಿ. ಈ ಊರಿನ ಬೆಣ್ಣೆ ಬಲು ಗಟ್ಟಿ."

ಬಗ್ಗಿ ನೋಡಿದ. ಗೋಡೆ ಹಿಡಿದುಕೊಂಡು ಕೂತುಬಿಟ್ಟ. "ಅಯ್ಯೋ ಅಣ್ಣಾ! ಅದು ಬೆಣ್ಣೆ ಅಲ್ಲ, ಕಾಳು! ಕಾಳು ನೆನೆಸಿ, ರುಬ್ಬಿ, ಹಾಲು ತೆಗೆದು ಒಡೆಸಿ ಮಾಡ್ತಾರೆ. ನೀನು ಬೇಳೆಕಾಳಿನ ಅಂಗಡಿಯೋನು ಅಂತ ಓಬಯ್ಯ ಎಲ್ಲಾರ ಮುಂದೆ ಹೇಳ್ತಿದ್ದ!"

ಆ ಸಂಜೆ ಕೇರಿಯವರೆಲ್ಲ ಬಂದು ಮಡಕೆ ನೋಡಿ ಹೋದರು. ತಳ ಹಿಡಿದ ಆ ಕಾಳಿನ ಬೆಣ್ಣೆಗೆ ಉಪ್ಪು ಖಾರ ಹಾಕಿ ತಿಂದೆವು. ಚೆನ್ನಾಗಿಯೇ ಇತ್ತು. ತುಪ್ಪವನ್ನು ಮರುದಿನ ಹಾಲಿನವರ ಸಂದಿಯಿಂದ ನರಸಪ್ಪನೇ ತಂದ, ನನ್ನನ್ನು ಕಳಿಸಲಿಲ್ಲ.

ಹೊಳೆಯ ಹತ್ತಿರದ ಬೆಳಗಿನ ಸಂತೆ

ಎಡೆಯ ಹಿಂದಿನ ದಿನ ನರಸಪ್ಪ, "ಸೊಪ್ಪು ಒಂದು ಉಳೀತು. ಮಾ ಶ್ವೇ ಅಂತ ಅಡುಗೆಯವಳು ಕೂರೋ ಸಂತೆಗೆ ಹೋಗೋಣ. ನಿನ್ನ ತಮ್ಮ ದಿನಾ ಹೋಗ್ತಿದ್ದ ಜಾಗ ಅದು" ಎಂದ.

ಅದು ಬ್ರಹ್ಮದೇಶದವರ ಸ್ವಂತ ಸಂತೆ. ಅಲ್ಲಿ ವ್ಯಾಪಾರವೆಲ್ಲ ಹೆಂಗಸರದ್ದು. ಗಂಡಸರು ಬುಟ್ಟಿ ಇಳಿಸಿಕೊಟ್ಟು ಪಕ್ಕದಲ್ಲಿ ಮಗು ಆಡಿಸುತ್ತಾರೆ. ಹೆಂಗಸರು ಕೆನ್ನೆಗೆ ಗಂಧದಂಥ ಹಳದಿ ಲೇಪ ಬಳಿದು, ತುರುಬಿಗೆ ಹೂ ಮುಡಿದು, ಬಾಯಲ್ಲಿ ಹೆಬ್ಬೆರಳಿಗಿಂತ ದಪ್ಪನೆಯ ಚುಟ್ಟ ಇಟ್ಟುಕೊಂಡು ತೂಗುತ್ತಾರೆ, ನಗುತ್ತಾರೆ, ತೂಗುತ್ತಾರೆ. ಒಬ್ಬರೂ ಗಂಟಲು ಹರಿದುಕೊಂಡು ಕೂಗುವುದಿಲ್ಲ. ನಮ್ಮ ಸಂತೆಯಲ್ಲಿ ಸೌತೆಕಾಯಿ ಕೊಳ್ಳುವ ಗದ್ದಲಕ್ಕಿಂತ ಅಲ್ಲಿ ಆನೆ ಕೊಳ್ಳುವ ಗದ್ದಲ ಕಡಿಮೆ ಇದ್ದೀತು. ಒಂದು ಮೂಲೆಯಿಂದ ಕೊಳೆಸಿದ ಮೀನಿನ ವಾಸನೆ ಬಂದು ನನ್ನನ್ನು ಎರಡು ಹೆಜ್ಜೆ ಹಿಂದೆ ನೂಕಿತು. ಅದನ್ನು ಅಲ್ಲಿ ದಿನದ ಅಡುಗೆಗೆ ಹಾಕುತ್ತಾರೆ. ಹುಡುಗಿಯೊಬ್ಬಳು ಅದನ್ನು ಮೂಸಿ ನೋಡಿ, ನಾವು ಹೊಸ ತುಪ್ಪವನ್ನು ಮೂಸಿದಂತೆ ಕಣ್ಣು ಮುಚ್ಚಿದಳು.

ಆಗ ಸೊಪ್ಪಿನ ಸಾಲು ಕಂಡೆ. ಕೆಂಪು ದಂಟು, ಬೆರಳು ಬಿಡಿಸಿದಂಥ ಎಲೆ. ಒಂದನ್ನು ಕಿತ್ತು ಬಾಯಿಗೆ ಹಾಕಿಕೊಂಡೆ. ಹಲ್ಲು ಜುಮ್ಮೆಂದಿತು. ಪುಂಡಿ ಸೊಪ್ಪು! ಮೊಳಕಾಲ್ಮೂರಿನಲ್ಲಿ ನಾವು ಗೋಂಗೂರ ಎಂದು ತಿನ್ನುವುದೂ ಅದೇ. ಸಮುದ್ರದ ಆಚೆ, ಮಾತು ತಿಳಿಯದ ಹೆಂಗಸಿನ ಬುಟ್ಟಿಯಲ್ಲಿ, ಕಟ್ಟು ಕಟ್ಟಿ, ನೀರು ಚಿಮುಕಿಸಿ ಇಟ್ಟಿದ್ದಾರೆ. "ಪುಂಡಿ, ಪುಂಡಿ" ಎಂದು ನಾನು ಆಕೆಗೆ ತೋರಿಸುತ್ತಿದ್ದೇನೆ. ಆಕೆ ತನ್ನ ಮಾತಿನಲ್ಲಿ ಅದರ ಹೆಸರು ಹೇಳುತ್ತಿದ್ದಾಳೆ. ಇಬ್ಬರೂ ನಗುತ್ತಿದ್ದೇವೆ. ವರ್ಷದಿಂದ ನನ್ನ ನಾಲಿಗೆಗೆ ಉಪ್ಪು ಹುಳಿ ಒಂದೂ ಸರಿಯಾಗಿ ತಿಳಿದಿರಲಿಲ್ಲ. ಆ ಎಲೆಯ ಹುಳಿ ತಿಳಿಯಿತು.

ಮಾ ಶ್ವೇ ಆ ಸಾಲಿನ ಕೊನೆಯಲ್ಲಿ ಒಲೆ ಹೂಡಿಕೊಂಡು ಕೂತಿದ್ದಳು. ಅವ್ವನಿಗಿಂತ ಸ್ವಲ್ಪ ಚಿಕ್ಕವಳು, ದುಂಡು ಮುಖ. ಮೀನಿನ ಸಾರಿನಲ್ಲಿ ಅಕ್ಕಿ ಶಾವಿಗೆ ಹಾಕಿ ಕೊಡುವುದು, ಮೇಲೆ ಸೋರೆಕಾಯಿ ಬಜ್ಜಿ ಮುರಿದು ಹಾಕುವುದು ಅವಳ ವ್ಯಾಪಾರ. ನರಸಪ್ಪ ಬಜಾರಿನ ಹಿಂದುಸ್ತಾನಿಯಲ್ಲಿ ನಾನು ಯಾರೆಂದು ಹೇಳಿದ. ಅವಳು ಚುಟ್ಟ ಬಾಯಿಂದ ತೆಗೆದು ಕೆಳಗಿಟ್ಟಳು. ನನ್ನ ಮುಖ ನೋಡಿದಳು. ಆಮೇಲೆ, ಬ್ರಹ್ಮದೇಶದ ಆ ಹೆಂಗಸು, ಅಚ್ಚ ಚಳ್ಳಕೆರೆಯ ರಾಗದಲ್ಲಿ ಹೇಳಿದಳು:

"ಇನ್ನೊಂದ್ ಸೊಲ್ಪ ಹಾಕವ್ವಾ!"

ನನ್ನ ಕೈಯಲ್ಲಿದ್ದ ಸೊಪ್ಪಿನ ಕಟ್ಟು ಜಾರಿತು. ಓಬಯ್ಯನ ಮಾತು. ಎಳೆದು ಹೇಳುವ ಕೊನೆಯ 'ವ್ವಾ' ಸಹ ಅವನದೇ.

"ಅವಳಿಗೆ ಬರೋ ಕನ್ನಡ ಅಷ್ಟೇ ಅಣ್ಣಾ," ನರಸಪ್ಪ ಹೇಳಿದ. "ದಿನಾ ಕೇಳಿ ಕೇಳಿ ಕಲ್ತಳು."

ಮಾ ಶ್ವೇ ಮಾತನಾಡುತ್ತ ಹೋದಳು, ನರಸಪ್ಪ ತಿಳಿಸುತ್ತ ಹೋದ. ದಕ್ಕೆಗೆ ಹೋಗುವ ಮೊದಲು ಇಲ್ಲಿ ಬರುತ್ತಿದ್ದನಂತೆ. ಶಾವಿಗೆ ಬಟ್ಟಲಿಗೆ ಬೀಳುವ ಮೊದಲೇ ಬಜ್ಜಿಯ ತಟ್ಟೆಗೆ ಕೈ ಹಾಕುತ್ತಿದ್ದನಂತೆ. ಅವಳು ಕೈಯಲ್ಲಿದ್ದ ಬಿದಿರಿನ ಚಿಮಟದಿಂದ ತನ್ನ ಮಣಿಕಟ್ಟಿಗೇ ಟಪ್ಪೆಂದು ಹೊಡೆದು ತೋರಿಸಿದಳು; ಹೀಗೆ, ಹೀಗೆ, ಎಷ್ಟು ಹೊಡೆದರೂ ಬಿಡುತ್ತಿರಲಿಲ್ಲ ಎಂದು. ಪಕ್ಕದ ಸೊಪ್ಪಿನವಳು, ಬಾಳೆಹಣ್ಣಿನವಳು ಎಲ್ಲ ತಮ್ಮ ತಮ್ಮ ಮಣಿಕಟ್ಟು ಮುಟ್ಟಿಕೊಂಡು ನಕ್ಕರು. ಸಾಲಿಗೆ ಸಾಲೇ ಅವನನ್ನು ಬಲ್ಲದು.

ನನಗೂ ಒಂದು ಬಟ್ಟಲು ಕೊಟ್ಟಳು. ಜೊತೆಗೆ ಒಂದು ಕುಡಿಕೆಯಿಂದ ಕರ್ರಗಿನ ಮುದ್ದೆಯಂಥದ್ದನ್ನು ತೆಗೆದು ಎಣ್ಣೆ, ಈರುಳ್ಳಿ ಕಲಸಿ ಪಕ್ಕಕ್ಕಿಟ್ಟು, ಅವನಿಗೆ ಇದು ಬೇಕೇ ಬೇಕಿತ್ತು ಎಂದಳು. ಹೆದರುತ್ತ ನಾಲಿಗೆಗೆ ಮುಟ್ಟಿಸಿದೆ.

ಹುರುಳಿ.

ಹುರುಳಿ ಬೇಯಿಸಿ ಬಸಿದ ಕಟ್ಟು. ಅವ್ವ ಅದನ್ನು ಬತ್ತಿಸಿ ಸಾರು ಮಾಡುತ್ತಾಳೆ; ಇವರು ಇನ್ನೂ ಬತ್ತಿಸಿ, ಹುಳಿ ಬರಿಸಿ, ಕುಡಿಕೆಗೆ ತುಂಬುತ್ತಾರೆ. ಮೇಲುಸೀಮೆಯಲ್ಲಿ, ಮಳೆ ಕಡಿಮೆ ಇರುವ ಕಡೆ ಮಾಡುವುದಂತೆ. ನಮ್ಮಂಥವರೇ ಇರಬೇಕು. ಕುದುರೆಯ ಚೀಲಕ್ಕೆ ಮೂಗು ಹಾಕಿ ನಾನು ಹುಡುಕಿದ್ದನ್ನು ಓಬಯ್ಯ ಎಂದೋ ಈ ಕುಡಿಕೆಯಲ್ಲಿ ಕಂಡುಕೊಂಡು ದಿನವೂ ನೆಕ್ಕಿದ್ದ.

ಬಟ್ಟಲು ಖಾಲಿ ಮಾಡಿದೆ. ಮೀನಿನ ಸಾರೂ ಸೇರಿ. ಮಾ ಶ್ವೇ ಸೌಟು ಎತ್ತಿ ನನ್ನನ್ನೇ ನೋಡುತ್ತಿದ್ದಳು. ಅವಳು ಏನಕ್ಕೆ ಕಾಯುತ್ತಿದ್ದಾಳೆಂದು ತಿಳಿಯಿತು.

"ಇನ್ನೊಂದ್ ಸೊಲ್ಪ ಹಾಕವ್ವ," ಎಂದೆ.

ಹೊಳೆಯ ದಂಡೆ

ಓಬಯ್ಯನನ್ನು ಸುಟ್ಟ ಜಾಗ ಹೊಳೆಯ ಕವಲಿನ ದಂಡೆ. ನೀರು ಕೆಂಪಗೆ, ನಿಧಾನವಾಗಿ ಹರಿಯುತ್ತದೆ. ಬೆಳಿಗ್ಗೆ ಅಲ್ಲೇ ಮೂರು ಕಲ್ಲು ಹೂಡಿ ಅಡುಗೆ ಮಾಡಿದೆ. ಹಳೆಯ ರಾಗಿಯ ಮುದ್ದೆ, ಕುದುರೆಯ ಪಾಲಿನ ಹುರುಳಿ ಸಾರು, ಪುಂಡಿ ಪಲ್ಯ, ತುಪ್ಪ. ಅವ್ವ ನೋಡಿದ್ದರೆ ಮುದ್ದೆ ಗಂಟು ಗಂಟು ಎನ್ನುತ್ತಿದ್ದಳು.

ಮಾ ಶ್ವೇ ಕರೆಯದೆಯೇ ಬಂದಳು. ತಲೆಯ ಮೇಲೆ ತಟ್ಟೆ, ತಟ್ಟೆಯ ತುಂಬ ಆಗತಾನೇ ಕರಿದ ಸೋರೆಕಾಯಿ ಬಜ್ಜಿ. ಇಡಬಹುದೇ ಎಂದು ಕಣ್ಣಿನಲ್ಲೇ ಕೇಳಿದಳು. ಸತ್ತವರಿಗೆ ಇಷ್ಟವಾದದ್ದೆಲ್ಲ ಎಡೆಗೆ ಬರಬೇಕು. ಅವನಿಗೆ ಇದು ಇಷ್ಟವಾಗಿತ್ತು. ಎಲೆಯ ತುದಿ ತೋರಿಸಿದೆ.

ಕಾಗೆಗಳು ಆಗಲೇ ಸುತ್ತ ಕೂತಿದ್ದವು. ದೋಣಿ ಕಟ್ಟುವ ಗೂಟಗಳ ಮೇಲೆ, ಕಲ್ಲುಗಳ ಮೇಲೆ. ನನ್ನ ಬೆನ್ನಿನ ಚಿಂತೆ ಮತ್ತೆ ಎದ್ದಿತು. ಎಲ್ಲವನ್ನೂ ಕ್ರಮವಾಗಿ ಬಡಿಸಬೇಕು, ನೀರು ಸುತ್ತಬೇಕು, ಕರ್ಪೂರ ಹಚ್ಚಿ ಕೈಮುಗಿದು ದೂರ ಸರಿದು ನಿಂತು ಕರೆಯಬೇಕು. ಅಷ್ಟು ಮಾಡಿದರೆ ನನ್ನ ಕೆಲಸ ಮುಗಿಯಿತು. ಉಳಿದದ್ದನ್ನು ಅವ್ವನಿಗೆ ಹೇಗಾದರೂ ಹೇಳಿದರಾಯಿತು ಎಂದು ಗಟ್ಟಿ ಮನಸ್ಸು ಮಾಡಿ, ಮುದ್ದೆ ಇಟ್ಟೆ. ಪಲ್ಯ ಇಟ್ಟೆ. ಸಾರಿನ ಮಡಕೆಗೆ ಸೌಟು ಅದ್ದಿದೆ.

ಒಂದು ಕಾಗೆ ಗೂಟದಿಂದ ಇಳಿದು, ಎಲೆಯ ಮೇಲೆ ಕಾಲಿಟ್ಟು, ಉದ್ದನೆಯ ಬಜ್ಜಿಯೊಂದನ್ನು ಕಚ್ಚಿಕೊಂಡಿತು.

ನನ್ನ ಸೌಟು ತಾನಾಗಿ ಮೇಲೆ ಹೋಯಿತು. ಬಾಯಿಂದ ಮಾತು ತಾನಾಗಿ ಬಂತು:

"ಲೇ ಓಬಾ! ಬಡಿಸ್ತಾ ಇದೀನಿ, ತಡಿಯಲೇ!"

ಹೊಡೆತ ಎಲೆಯ ಪಕ್ಕದ ಮಣ್ಣಿಗೆ ಬಿತ್ತು. ಸಾರು ನನ್ನ ಪಂಚೆಗೆ ಚೆಲ್ಲಿತು. ಕಾಗೆ ಬಜ್ಜಿಯ ಸಮೇತ ಗೂಟದ ಮೇಲಿತ್ತು.

ಸೌಟು ಹಾಗೇ ಕೈಯಲ್ಲಿತ್ತು. ನರಸಪ್ಪ ನನ್ನನ್ನು ನೋಡಿದ, ನಾನು ಗೂಟದ ಕಡೆ ನೋಡಿದೆ. ಆಮೇಲೆ ಮಾ ಶ್ವೇ ತನ್ನ ಮಣಿಕಟ್ಟಿಗೆ ಟಪ್ಪೆಂದು ಹೊಡೆದುಕೊಂಡಳು.

ನಗು ನನ್ನ ಹೊಟ್ಟೆಯ ತಳದಿಂದ ಬಂತು. ತಡೆಯಲಾಗಲಿಲ್ಲ. ನರಸಪ್ಪ ನಕ್ಕ, ಮಾ ಶ್ವೇ ಸೆರಗಿನಂಥ ಮೇಲುಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತ ನಗುತ್ತ ನನ್ನ ಕಣ್ಣು ಸುರಿಯಿತು. ಸುರಿಯಲಿ ಎಂದು ಬಿಟ್ಟೆ. ಕರ್ಪೂರ ಹಚ್ಚುವಷ್ಟರಲ್ಲಿ ಉಳಿದ ಕಾಗೆಗಳೂ ಇಳಿದು ಎಲೆ ಬಳಿದಿದ್ದವು. ಯಾರನ್ನೂ ಕರೆಯುವ ಕೆಲಸ ಬೀಳಲಿಲ್ಲ.

ಮತ್ತೆ ಚಳ್ಳಕೆರೆ

ಮನೆಗೆ ಬಂದು ಕಾಲು ತೊಳೆಯುವ ಮೊದಲೇ ಅವ್ವ ಬಾಗಿಲಿಗೆ ಬಂದಳು.

"ಉಂಡ್ನೇನೋ?"

"ಉಂಡ ಅವ್ವ. ಅಲ್ಲಿ ದಿನಾನೂ ಉಂಡವ್ನೆ. ಒಬ್ಬವ್ವ ಇಕ್ಕುತಿದ್ದಳು. ಕೈಗೆ ಹೊಡೆದೂ ಇಕ್ಕುತಿದ್ದಳು."

ಅವ್ವ ಹೊಸ್ತಿಲ ಮೇಲೆ ಕೂತಳು. ಮಾ ಶ್ವೇಯ ಕತೆ, ಹುರುಳಿ ಕಟ್ಟಿನ ಕುಡಿಕೆಯ ಕತೆ ಎಲ್ಲ ಹೇಳಿದೆ. ಕೊನೆಗೆ ದಂಡೆಯ ಕತೆ.

"ಪೂರಾ ಬಡಿಸೋಕೆ ಮೊದ್ಲೇನಾ?"

"ಹೂಂ. ಸಾರು ಹಾಕಿರಲಿಲ್ಲ."

"ನಿನ್ನ ಕೈಯಾಗೆ ಸೌಟಿತ್ತಲ್ಲ. ಒಂದು ಕೊಡಬಾರದಿತ್ತೇನಲೇ?"

"ಕೊಟ್ಟೆ ಅವ್ವ. ಸಿಗಲಿಲ್ಲ."

"ಸಿಗಾನಲ್ಲ ಅವನು," ಎಂದಳು ಅವ್ವ. ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದಳು. ಮೊಳೆಯಿಂದ ಬಾಂಡ್ಲಿ ಇಳಿಸಿದ ಸದ್ದು, ಬೂದಿ ಹಾಕಿ ತಿಕ್ಕುವ ಸದ್ದು ಕೇಳಿಸಿತು.

"ಲೇ," ಎಂದು ಒಳಗಿನಿಂದ ಕೂಗಿದಳು. "ಸೋರೆಕಾಯಿ ಹೆಂಗೆ ಹೆಚ್ಚಿದ್ದಳೋ ಆಯವ್ವ? ಉದ್ದಕ್ಕೋ, ದುಂಡಗೋ?"

"ಉದ್ದಕ್ಕೆ ಅವ್ವ," ಎಂದೆ. "ಬೆರಳಿನಷ್ಟು."